ಎರಡು ಶಟರುಗಳ ನಡುವಿನ ಕಂಬ

ಅಕ್ಕ ನಮ್ಮ ಮನೆಗೆ ಬಂದದ್ದು ಸಂಕ್ರಾಂತಿ ಕಳೆದ ವಾರ. ಘಾಟ್ಕೋಪರಿನಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ಅರ್ಧವನ್ನು ನನ್ನ ಕೆಲಸದ ಮೇಜೇ ತಿಂದಿದೆ. ಬಿಲ್ಡರುಗಳು ತಮ್ಮ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಗಿರಾಕಿಗಳಿಗೆ ತೋರಿಸುವ ಪುಟ್ಟ ಟವರುಗಳು, ಅಂಗೈಯಷ್ಟು ಈಜುಕೊಳ, ಬೆಂಕಿಕಡ್ಡಿ ಎತ್ತರದ ಮರಗಳು, ಇಂಥವನ್ನು ಮಾಡುವುದು ನನ್ನ ಕಸುಬು. ಇನ್ನೂ ಕಟ್ಟದ ಮನೆಗಳನ್ನು ಮಾಡಿಯೇ ರೂಢಿ. ಬಿದ್ದುಹೋದದ್ದನ್ನು ಮಾಡಿಕೊಡು ಎಂದು ಬಂದವರು ಅವರೊಬ್ಬರೇ.

ಅವರ ಪರಿಚಯ ನನಗೆ ಮೊದಲು ಇರಲಿಲ್ಲ. ಅತ್ತೆಯ ಕಡೆಯವರು ಯಾರೋ ನನ್ನ ಹೆಸರು ಹೇಳಿದ್ದರಂತೆ. ಉಡುಪಿ ಕಡೆಯವರು. ಗಂಡಹೆಂಡತಿ ಇಬ್ಬರೂ ಸೇರಿ ಸೆಂಟ್ರಲ್ ಲೈನಿನ ಒಂದು ಸ್ಟೇಷನ್ನಿನ ಹೊರಗೆ ಇಪ್ಪತ್ತೆರಡು ವರ್ಷ ಹೋಟೆಲು ನಡೆಸಿದ್ದರು. ಹಳೆಯ ಚಾಳು, ಕೆಳಗೆ ಹೋಟೆಲು, ಮೇಲೆ ಸಾಲುಮನೆಗಳು, ಮನೆಗಳ ಮುಂದೆ ಫುಟ್‌ಪಾತಿನ ಮೇಲಕ್ಕೆ ಚಾಚಿದ ಗ್ಯಾಲರಿ. ಹಿಂದಿನ ಮಳೆಗಾಲದ ಒಂದು ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕಟ್ಟಡದ ಮುಂಭಾಗ ಕುಸಿದಿತ್ತು. ಗಲ್ಲಾದಲ್ಲಿ ಕೂತಿದ್ದ ಗಂಡ ಅಲ್ಲೇ ಹೋದರು. ಮೇಲೆ ಗ್ಯಾಲರಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸೊಬ್ಬರು ಗ್ಯಾಲರಿಯ ಜೊತೆಗೇ ಕೆಳಗೆ ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಅಕ್ಕ ಆಗ ಹಿಂದೆ ಅಡುಗೆಮನೆಯಲ್ಲಿದ್ದರು. ಅವರಿಗೆ ಒಂದು ಗೀರು ಗಾಯವೂ ಆಗಿರಲಿಲ್ಲ.

"ಈಗ ಕಣ್ಣು ಮುಚ್ಚಿದ್ರೆ ಕಲ್ಲು ಮಣ್ಣು ಮಾತ್ರ ಕಾಣುದು," ಎಂದರು ಅಕ್ಕ. "ಹೋಟ್ಲಿನ ಮುಖ ನೆನಪಿಗೆ ಬರುದೇ ಇಲ್ಲ ಮಾರಾಯ್ತಿ. ವರ್ಷಾಂತಿಕಕ್ಕೆ ಅವ್ರ ಫೋಟೋದ ಎದುರು ಇಡ್ಲಿಕ್ಕೆ ಒಂದು ಮಾಡಿ ಕೊಡ್ತೀಯಾ?"

ಯಾವಾಗಿನ ಹೋಟೆಲು ಬೇಕು ಎಂದು ಕೇಳಿದೆ. ನಮ್ಮ ಕೆಲಸದಲ್ಲಿ ಇದನ್ನು ಮೊದಲು ಕೇಳಿಕೊಳ್ಳಬೇಕು. ತೆರೆದ ದಿನದ ಅಂಗಡಿ ಬೇರೆ, ಹತ್ತು ವರ್ಷ ಹೊಗೆ ಕುಡಿದ ಅಂಗಡಿ ಬೇರೆ. ಬೋರ್ಡಿನ ಬಣ್ಣ, ಶಟರಿನ ತುಕ್ಕು, ಟೈಲಿನ ಒಡಕು ಎಲ್ಲ ಅದರ ಮೇಲೆ ನಿಂತಿರುತ್ತದೆ.

"ಕೊನೇದ್ದು," ಎಂದರು ಅಕ್ಕ. "ಅವ್ರು ಕೂತಿದ್ದ ಹಾಗೆ."

ಗೋರೆಗಾಂವಿನಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದರು ಅವರು. ಅಲ್ಲಿಂದ ನಲವತ್ತಕ್ಕೂ ಹೆಚ್ಚು ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದರು. ಹೋಟೆಲು ತೆರೆದ ದಿನದ ಪೂಜೆ, ಗಣಪತಿ ಹಬ್ಬದ ಮಾಲೆ, ಹೊಸ ಬೋರ್ಡು ಏರಿಸಿದ ದಿನ, ಗಿರಾಕಿಗಳು ತೆಗೆದು ಕಳಿಸಿದ ಮುಖಗಳ ಹಿಂದೆ ತುಂಡುತುಂಡಾಗಿ ಕಾಣುವ ಗೋಡೆ. ನಾನು ಅವನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಪ್ರಿಂಟ್ ತೆಗೆಸಿ ಮೇಜಿನ ಮೇಲಿನ ಗೋಡೆಗೆ ಅಂಟಿಸಿಕೊಂಡೆ.

ಫೋಟೋ ಸಾಲದು, ಜಾಗ ನೋಡಬೇಕು. ಒಂದು ಭಾನುವಾರ ಟೇಪು ಹಿಡಿದು ಹೋದೆ. ಮುಂಭಾಗ ಪೂರ್ತಿ ಬಯಲಾಗಿತ್ತು, ಸುತ್ತ ತಗಡಿನ ಬೇಲಿ. ಹಿಂದಿನ ಅರ್ಧಕ್ಕೆ ಕಬ್ಬಿಣದ ಆಸರೆ ಕೊಟ್ಟು ನಿಲ್ಲಿಸಿದ್ದರು. ಪಕ್ಕದ ಗೋಡೆಯ ಮೊಂಡುಭಾಗ, ನೆಲಗಟ್ಟಿನ ಎತ್ತರ, ಎರಡು ಮೆಟ್ಟಿಲು, ಇಷ್ಟೇ ಅಳತೆಗೆ ಸಿಕ್ಕಿದ್ದು. ಮುಂಭಾಗದ ಒಟ್ಟು ಅಗಲ ಹದಿನೆಂಟು ಅಡಿ.

ಬೇಲಿಯ ಸಂದಿಯಲ್ಲಿ ಐವತ್ತೈದರ ಸುಮಾರಿನ ಒಬ್ಬರು ನಿಂತಿದ್ದರು, ವಾಚ್‌ಮನ್ ಅಂಗಿ ತೊಟ್ಟಿದ್ದರು. ಏನು ಅಳೆಯುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಹೇಳಿದೆ. ಮೇಲಿನ ಮನೆ ಅವರದು, ತೀರಿಕೊಂಡ ಹೆಂಗಸು ಅವರ ಹೆಂಡತಿ ಎಂದು ಆಗ ತಿಳಿಯಿತು. ನನಗೆ ಟೇಪು ಸುತ್ತಿಕೊಂಡು ಹೊರಟುಬಿಡಬೇಕು ಅನ್ನಿಸಿತು. ಆದರೆ ಅವರೇ ಮುಂದೆ ಬಂದು ಗ್ಯಾಲರಿ ಎಷ್ಟು ಅಗಲವಿತ್ತು, ಕಟಾಂಜನದ ಕಂಬಿಗಳು ಎಷ್ಟೆಷ್ಟು ದೂರಕ್ಕಿದ್ದವು ಎಂದು ಗೇಣು ಹಾಕಿ ತೋರಿಸಿದರು. ಕೊನೆಗೆ ಮರಾಠಿ ಬಿಟ್ಟು ಹಿಂದಿಯಲ್ಲಿ ಹೇಳಿದರು:

"ಪಾನಿ ಕೇ ಡ್ರಮ್ ದೋ ಥೇ, ನೀಲೇ. ದೋನೋ ದಿಖಾನಾ. ಉಸ್ ದಿನ್ ಭೀ ಸುಬೇ ಮೈಂನೇ ಹೀ ಭರಾ ಥಾ."

ನೀರಿನ ಎರಡು ನೀಲಿ ಡ್ರಮ್ಮು, ಎರಡನ್ನೂ ತೋರಿಸಿ, ಆ ಬೆಳಿಗ್ಗೆ ನೀರು ತುಂಬಿಸಿದವನೂ ನಾನೇ. ಅವರು ಇದನ್ನೇಕೆ ಒತ್ತಿ ಹೇಳಿದರೆಂದು ಗೋರೆಗಾಂವಿಗೆ ಫೋನು ಮಾಡಿದಾಗ ಅಕ್ಕನ ಭಾವ ತಿಳಿಸಿದರು. ಪರೀಕ್ಷೆಗೆ ಬಂದಿದ್ದ ಇಂಜಿನಿಯರರ ವರದಿ ಹೇಳಿದ್ದು ಹೀಗೆ: ಹಳೇ ಗ್ಯಾಲರಿ, ಅದರ ಮೇಲೆ ನೀರು ತುಂಬಿದ ಎರಡು ಡ್ರಮ್ಮು, ಆ ಭಾರಕ್ಕೆ ಕೆಳಗಿನ ನಡುಗಂಬ ಮುರಿದು ಮುಂಭಾಗ ಬಿತ್ತು. ಜನರನ್ನು ಹುಡುಕುವ ಅವಸರದಲ್ಲಿ ಜೆಸಿಬಿ ಎರಡೇ ದಿನದಲ್ಲಿ ಅವಶೇಷವನ್ನೆಲ್ಲ ಸಾಗಿಸಿತ್ತು. ಇಂಜಿನಿಯರರ ಮುಂದಿದ್ದದ್ದು ಕಟ್ಟಡದ ಹಳೆಯ ನಕ್ಷೆ ಮಾತ್ರ. ಡ್ರಮ್ಮು ತುಂಬಿಸಿದ ಆ ಮೇಲಿನ ಮನೆಯವರ ಮೇಲೆ, ಕಟ್ಟಡದ ಮಾಲಿಕನ ಮೇಲೆ ಕೇಸು ನಡೆದಿತ್ತು.

ಒಂದು ಅಡಿಗೆ ಒಂದು ಇಂಚು ಎಂದು ಲೆಕ್ಕ ಇಟ್ಟುಕೊಂಡೆ. ಹದಿನೆಂಟು ಇಂಚಿನ ಮುಖ. ಬುಡಕ್ಕೆ ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ, ಗೋಡೆಗೆ ಹಗುರವಾದ ಸನ್‌ಬೋರ್ಡ್ ಹಾಳೆ, ಅದರ ಮೇಲೆ ತೆಳ್ಳಗೆ ಪುಟ್ಟಿ. ಪುಟ್ಟಿ ಅರೆ ಒಣಗಿದಾಗ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಕುಟ್ಟಿದರೆ ಗಾರೆಯ ಒರಟು ಬರುತ್ತದೆ. ಶಟರಿಗೆ ತಂಪುಪಾನೀಯದ ಡಬ್ಬಿ ಕತ್ತರಿಸಿ, ಮರದ ಮೇಲೆ ಸಾಲಾಗಿ ಅಂಟಿಸಿದ ತಂತಿಗಳ ಮೇಲಿಟ್ಟು ಚಮಚದ ಬೆನ್ನಿನಿಂದ ಒತ್ತಿ ಒತ್ತಿ ಅಲೆ ತೆಗೆದೆ. ಇಡ್ಲಿ ಪಾತ್ರೆಗೆ ಸಿರಪ್ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ. ಒಲೆಯ ಮೇಲಿನ ಗೋಡೆಗೆ ಹೊಗೆ ಹಿಡಿಸಲು ಕಪ್ಪು ಚಾಕ್ ಪುಡಿಯನ್ನು ಬೆರಳಿನಿಂದ ಮೇಲಕ್ಕೆ ತಿಕ್ಕಿದೆ. ಎಣ್ಣೆಜಿಡ್ಡಿಗೆ ಕಂದು ಬಣ್ಣವನ್ನು ವಾರ್ನಿಶ್ಶಿನಲ್ಲಿ ತೆಳುಮಾಡಿ ಹನಿಹನಿಯಾಗಿ ಇಳಿಬಿಟ್ಟೆ.

ಮಾರ್ಚ್ ಕೊನೆಗೆ ಮೊದಲ ಪೆಟ್ಟು ಬಿತ್ತು. ತಿಂಡಿ ಇಡುವ ಗಾಜಿನ ಶೋಕೇಸನ್ನು ಪಾರದರ್ಶಕ ಹಾಳೆಯಿಂದ ಮಾಡಿ, ಅವಸರಕ್ಕೆ ಸೂಪರ್ ಗ್ಲೂ ಹಾಕಿ ಮುಚ್ಚಿಟ್ಟಿದ್ದೆ. ಮಾರನೆಯ ದಿನ ನೋಡಿದರೆ ಗ್ಲೂವಿನ ಆವಿ ಒಳಗೇ ಕೂತು ಗಾಜೆಲ್ಲ ಬೆಳ್ಳಗೆ ಮಂಜು ಹಿಡಿದಿತ್ತು. ಒಳಗೆ ಜೋಡಿಸಿದ್ದ ಜೋಳದ ಕಾಳಿನಷ್ಟು ದಪ್ಪದ ವಡೆಗಳು, ಉಗುರಿನಷ್ಟು ಬನ್ನುಗಳು ಕಾಣುತ್ತಲೇ ಇರಲಿಲ್ಲ. ಎಲ್ಲ ಒಡೆದು ಮತ್ತೆ ಮಾಡಿದೆ. ಆರು ದಿನ ಹೋಯಿತು.

ಎರಡನೆಯ ಪೆಟ್ಟು ನನಗೆ ತಕ್ಷಣ ಅರ್ಥವಾಗಲಿಲ್ಲ. ಹಳೇ ಫೋಟೋಗಳಲ್ಲಿ ಮುಂಭಾಗ ಸ್ಪಷ್ಟವಿತ್ತು. ಎಂಟಡಿಯ ಎರಡು ಶಟರು, ಎರಡರ ನಡುವೆ ಒಂದಡಿ ದಪ್ಪದ ಕಂಬ, ಎರಡು ಬದಿಗೂ ಅರ್ಧರ್ಧ ಅಡಿ ಗೋಡೆ. ಕೂಡಿದರೆ ಸರಿಯಾಗಿ ಹದಿನೆಂಟು. ಗಲ್ಲಾದ ಕಟ್ಟೆ ಎಡಗಡೆಯ ಶಟರಿನ ಹಿಂದೆ, ಮುಂಭಾಗದ ಸಾಲಿನಲ್ಲೇ. ಕೊನೆಯ ವರ್ಷದ ಫೋಟೋಗಳಲ್ಲಿ ಆ ಕಟ್ಟೆಗೆ ಹೊಸ ಟೈಲು ಹಾಕಿಸಿದ್ದು ಕಾಣುತ್ತಿತ್ತು. ಟೈಲು ಎಣಿಸಿ ಉದ್ದ ಹಿಡಿಯುವುದು ನಮ್ಮ ಮಾಮೂಲಿ ಉಪಾಯ. ಎಣಿಸಿದೆ, ಹತ್ತು ಟೈಲು, ಸಾಮಾನ್ಯವಾಗಿ ಸಿಗುವ ಒಂದಡಿಯವು. ಹತ್ತು ಇಂಚಿನ ಕಟ್ಟೆ ಮಾಡಿ ಕೂರಿಸಲು ಹೋದರೆ ಎಂಟಿಂಚಿನ ಜಾಗದಲ್ಲಿ ಹಿಡಿಯಲಿಲ್ಲ.

ನನ್ನ ಲೆಕ್ಕವೇ ತಪ್ಪಿರಬೇಕು ಎಂದುಕೊಂಡೆ. ಟೈಲು ಒಂದಡಿಯದಲ್ಲ, ಸಣ್ಣದಿರಬೇಕು. ಮತ್ತೆ ಆ ಜಾಗಕ್ಕೆ ಹೋಗಿ ಬೇಲಿಯ ಬುಡದ ಕಸದಲ್ಲಿ ಕೆದಕಿದೆ. ಫೋಟೋದಲ್ಲಿದ್ದಂಥದೇ ಹಸಿರು ಅಂಚಿನ ಟೈಲೊಂದು ಅಖಂಡವಾಗಿ ಸಿಕ್ಕಿತು. ಅಳೆದೆ. ಸರಿಯಾಗಿ ಒಂದಡಿ.

ಮನೆಗೆ ಬಂದು ಕೊನೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಖಾಯಂ ಗಿರಾಕಿಯೊಬ್ಬರು ಕಾಫಿ ಲೋಟ ಹಿಡಿದು ನಗುತ್ತಿದ್ದಾರೆ. ಹಿಂದೆ ಕಟ್ಟೆ ಎಡಗೋಡೆಯಿಂದ ಹೊರಟು, ಅಂಗಡಿಯ ನಡುಭಾಗವನ್ನು ದಾಟಿ ಹೋಗಿದೆ. ಕಂಬ ಇರಬೇಕಾದ ಜಾಗದಲ್ಲಿ ಕಂಬವಿಲ್ಲ. ಶಟರು ಎಳೆಯುವಾಗ ಮಾತ್ರ ನಡುವೆ ನಿಲ್ಲಿಸುವ ಕಬ್ಬಿಣದ ಪಟ್ಟಿಯೊಂದನ್ನು ಬದಿಗೆ ಒರಗಿಸಿಟ್ಟಿದ್ದಾರೆ. ಮೇಲೆ, ಇಳಿಬಿದ್ದ ಹೊಸ ಫ್ಲೆಕ್ಸಿನ ಅಂಚಿನಲ್ಲಿ, ಎರಡು ಬೆರಳಿನಷ್ಟು ಕೆಂಪು ಕಂಡಿತು. ತುಕ್ಕು ಹಿಡಿಯದಂತೆ ಬಳಿಯುವ ಆ ಕೆಂಪು ಬಣ್ಣ ನನಗೆ ಗೊತ್ತು. ಅದು ಗರ್ಡರು. ಕಂಬ ತೆಗೆದು, ಆ ಜಾಗದ ಭಾರ ಹೊರಲು ಅಡ್ಡಲಾಗಿ ಒಂದು ಕಬ್ಬಿಣದ ತೊಲೆ ಕೊಟ್ಟಿದ್ದರು.

ಎದ್ದು ನೀರು ಕುಡಿದು ಬಂದು ಮತ್ತೆ ನೋಡಿದೆ. ಇಲ್ಲದ ಕಂಬ ಮುರಿಯುವುದು ಹೇಗೆ?

ಏಪ್ರಿಲಿನಲ್ಲಿ ಅಕ್ಕನ ಪರಿಹಾರದ ಕೇಸು ನೋಡುತ್ತಿದ್ದ ವಕೀಲರು ಮಾದರಿ ನೋಡಲು ಮನೆಗೆ ಬಂದರು. ಧಾರವಾಡ ಕಡೆಯವರು, ವಯಸ್ಸಾದವರು. ಚಹಾ ಕುಡಿಯುತ್ತ ಮಾದರಿಯ ಸುತ್ತ ಒಂದು ಸುತ್ತು ಬಂದರು.

"ಭಾಳ ಛಲೋ ಮಾಡೀರಿ. ಇದನ್ನ ಕೋರ್ಟಿನಾಗ ಇಟ್ಟರ ಸಾಹೇಬ್ರಿಗೆ ಒಂದ ನೋಟಕ್ಕ ತಿಳೀತೈತಿ. ನಡುವ ಒಂದ ಕಂಬ, ಮ್ಯಾಲ ಎರಡ ನೀರಿನ ಡ್ರಮ್ಮು ಇಟ್ಟಬಿಡ್ರಿ. ಅಷ್ಟ ಸಾಕು."

ನಾನು ಫೋಟೋ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಪ್ರಿಂಟನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಹಳೇ ಫೋಟೋದಾಗ ಕಂಬ ಐತೋ ಇಲ್ಲೋ?"

"ಇದೆ ಸರ್."

"ಅದನ್ನ ನೋಡಿ ಮಾಡ್ರಿ. ಇದರಾಗ ಸುಳ್ಳ ಏನೈತಿ? ನೋಡ್ರಿ ತಂಗೀ, ಆ ಹೆಣ್ಣಮಗಳಿಗೆ ಗಂಡನೂ ಇಲ್ಲ, ಹೋಟೆಲ್ಲೂ ಇಲ್ಲ. ಈಗ ಸತ್ತವನ ಮ್ಯಾಲ ತಪ್ಪು ಹೊರಿಸಿದ್ರ ಯಾರಿಗೆ ಏನ ಬಂತು? ಸತ್ತವರು ಎದ್ದ ಬರ್ತಾರೇನು?"

ಕೆಟ್ಟ ಮನುಷ್ಯರಲ್ಲ ಅವರು. ಅವರು ಹೋದ ಮೇಲೆ ಅಕ್ಕನಿಗೆ ಫೋನು ಮಾಡಿ, "ನಡುವಿನ ಕಂಬದ್ದು ಒಂದು ವಿಷಯ ಕೇಳಬೇಕಿತ್ತು ಅಕ್ಕ" ಎಂದೆ. ಆ ಕಡೆ ಮಿಕ್ಸರಿನ ಸದ್ದು ಕೇಳುತ್ತಿತ್ತು, ಅದು ನಿಂತಿತು.

"ವಕೀಲರು ಎಂಥ ಹೇಳ್ತಾರೋ ಹಾಗೇ ಮಾಡು," ಎಂದು ಫೋನು ಇಟ್ಟುಬಿಟ್ಟರು.

ಹಾಗೇ ಮಾಡಿದೆ. ಕಟ್ಟೆಯನ್ನು ಎಂಟಿಂಚಿಗೆ ಕತ್ತರಿಸಿದೆ. ಕಂಬ ಮಾಡಿ ಎಪಾಕ್ಸಿ ಅಂಟು ಹಾಕಿ ನಿಲ್ಲಿಸಿದೆ. ಇಡೀ ಮಾದರಿಯಲ್ಲಿ ಅಷ್ಟು ಮನಸ್ಸಿಟ್ಟು ಮಾಡಿದ್ದು ಬೇರೇನೂ ಇರಲಿಲ್ಲವೇನೋ. ಅರ್ಧ ಹರಿದ ಟ್ಯೂಷನ್ ಜಾಹೀರಾತು, ಬುಡದಲ್ಲಿ ಪಾನಿನ ಕಲೆ, ಜನರ ಹೆಗಲು ಉಜ್ಜಿ ನುಣುಪಾದ ಮೂಲೆ. ಕೊನೆಗೆ ಉಳಿದದ್ದು ಮೇಲಿನ ಡ್ರಮ್ಮುಗಳು. ನೀಲಿ ಬಳಿದು, ಒಳಗೆ ಪಾರದರ್ಶಕ ರಾಳ ಸುರಿದು ನೀರಿನಂತೆ ಮಾಡಿ, ಗ್ಯಾಲರಿಯ ಮೇಲೆ ಇಟ್ಟೆ.

ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಕೆಳಗೆ ಗಟ್ಟಿಮುಟ್ಟಾದ ಕಂಬ, ಮೇಲೆ ತುಂಬಿ ನಿಂತ ಎರಡು ಡ್ರಮ್ಮು. ಏನೂ ಗೊತ್ತಿಲ್ಲದ ಮಗು ನೋಡಿದರೂ ಡ್ರಮ್ಮಿನ ಕಡೆಗೇ ಬೆರಳು ತೋರಿಸಬೇಕು, ಹಾಗಿತ್ತು. ಎರಡನ್ನೂ ತೋರಿಸಿ ಎಂದ ಆ ಮನುಷ್ಯನ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದೆ. ಅವರ ಹೆಂಡತಿಯನ್ನು ಅವರೇ ಕೊಂದರು ಎಂದು ಹೇಳುವ ಒಂದು ವಸ್ತುವನ್ನು ಹೆಸರುಕಾಳಿನಷ್ಟೂ ಲೋಪವಿಲ್ಲದಂತೆ ನನ್ನ ಕೈಯಾರೆ ಮಾಡಿ ಮುಗಿಸಿದ್ದೆ.

ಒಂದು ವಾರ ಅದರ ಮೇಲೆ ಬಟ್ಟೆ ಮುಚ್ಚಿಟ್ಟೆ. ಬಿಲ್ಡರನ ಬೇರೆ ಕೆಲಸ ಹಿಡಿದು ಕೂತರೆ ಮರಗಳು ನೆಟ್ಟಗೆ ನಿಲ್ಲಲಿಲ್ಲ. ಮೇ ತಿಂಗಳ ಸೆಕೆ, ಗಾಳಿಯಲ್ಲೆಲ್ಲ ನೀರು. ಬಟ್ಟೆ ತೆಗೆದು ನೋಡಿದ ದಿನ ಬುಡದ ಹಲಗೆ ತೇವ ಕುಡಿದು ಒಂದು ಮೂಲೆಯಲ್ಲಿ ಬಿಲ್ಲಿನಂತೆ ಬಾಗಿತ್ತು. ಹೇಗೂ ಬಿಚ್ಚಬೇಕಿತ್ತು. ಸಣ್ಣ ಗರಗಸ ತೆಗೆದುಕೊಂಡು ಮೊದಲು ಕಂಬವನ್ನು ಬುಡದಲ್ಲಿ ಕೊಯ್ದೆ.

ಎಪಾಕ್ಸಿ ಗಟ್ಟಿ, ಅರ್ಧ ಗಂಟೆ ಹಿಡಿಯಿತು. ಹೊಸ ಹಲಗೆಗೆ ಎರಡು ಬದಿಯೂ ವಾರ್ನಿಶ್ ಬಳಿದೆ, ಕೆಳಗೆ ಕಬ್ಬಿಣದ ಪಟ್ಟಿ ಕೊಟ್ಟೆ. ಹತ್ತಿಂಚಿನ ಕಟ್ಟೆ ಮತ್ತೆ ಮಾಡಿದೆ. ಪ್ಲಾಸ್ಟಿಕ್ ಪಟ್ಟಿಗಳಿಂದ ಗರ್ಡರು ಮಾಡಿ ಕೆಂಪು ಬಳಿದು ಫ್ಲೆಕ್ಸಿನ ಹಿಂದೆ ಕೂರಿಸಿದೆ. ಅಂಚಿನಲ್ಲಿ ಎಷ್ಟು ಕಾಣಬೇಕೋ ಅಷ್ಟೇ ಕಾಣುವಂತೆ. ಕೊನೆಯದ್ದು ಬೇಕು ಎಂದು ಅಕ್ಕ ಮೊದಲ ದಿನ ಬಾಯಿಬಿಟ್ಟು ಹೇಳಿದ್ದರು. ಅದನ್ನೇ ಕೊಡುತ್ತೇನೆ, ಆಮೇಲೆ ಅವರು ಅದನ್ನು ಒಡೆದು ಹಾಕಿದರೂ ಸರಿ ಎಂದು ತೀರ್ಮಾನ ಮಾಡಿದ್ದೆ.

ಜೂನ್ ಮೊದಲ ವಾರ, ಮಧ್ಯಾಹ್ನ ಜನರ ಗಿರ್ದಿ ಇಲ್ಲದ ಹೊತ್ತು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ರೋದಲ್ಲಿ ಅಂಧೇರಿಗೆ, ಅಲ್ಲಿಂದ ಆಟೋದಲ್ಲಿ ಗೋರೆಗಾಂವಿಗೆ ಹೋದೆ. ಅಕ್ಕ ಒಬ್ಬರೇ ಇದ್ದರು. ಊಟದ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ.

ಅಕ್ಕ ಮೊದಲು ಹತ್ತಿರ ಬರಲಿಲ್ಲ. ಆಮೇಲೆ ಬಂದು ಬಗ್ಗಿ, ಗಲ್ಲಾದ ಹಿಂದಿನ ಖಾಲಿ ಸ್ಟೂಲನ್ನು ನೋಡಿದರು. ಅವರ ಕಣ್ಣು ಕಟ್ಟೆಯ ಉದ್ದಕ್ಕೂ ನಿಧಾನವಾಗಿ ಸರಿದು ನಡುಭಾಗಕ್ಕೆ ಬಂದು ನಿಂತಿತು.

"ಸರಿ ಉಂಟು," ಎಂದರು. ಕುರ್ಚಿ ಎಳೆದು ಕೂತರು.

"ಅದನ್ನು ತೆಗೆಸಿದ್ದು ನಾನು. ಅವ್ರು ಬೇಡ ಅಂದಿದ್ರು. ಪಕ್ಕದಲ್ಲಿ ಹೊಸ ಹೋಟ್ಲು ಆಯ್ತಲ್ಲ, ಅದು ಎಷ್ಟು ಅಗಲ ಉಂಟು ನೋಡಿ, ನಮ್ಮದು ಬಾಗಿಲಲ್ಲೇ ಕಂಬ, ಜನ ಒಳಗೆ ಹೇಗೆ ಬರುದು ಅಂತ ದಿನಾ ಹೇಳಿ ಹೇಳಿ ಅವ್ರ ತಲೆ ತಿಂದೆ. ಮೇಸ್ತ್ರಿಯನ್ನು ಕರೆಸಿದ್ದೂ ನಾನೇ. ಗರ್ಡರ್ ಹಾಕಿದ್ರೆ ಆನೆ ನಿಂತ್ರೂ ಎಂಥದೂ ಆಗುದಿಲ್ಲ ಅಂದ ಅವ. ಎರಡು ದಿನ ಶಟರ್ ಎಳೆದು, ಪೇಂಟಿಂಗ್ ಕೆಲಸ ಅಂತ ಬೋರ್ಡು ಹಾಕಿದ್ವು. ಅವ್ರು ಆ ಎರಡು ದಿನ ಸರಿ ಊಟ ಮಾಡ್ಲಿಲ್ಲ. ಮೂರನೇ ದಿನ ಶಟರ್ ತೆಗ್ದಾಗ ಚಂದ ಕಾಣ್ತದೆ ಅಂತ ನಗಾಡಿದ್ರು."

ಅಲ್ಲಿಂದ ಕುಸಿಯುವವರೆಗೆ ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು: "ನಾಲ್ಕು ತಿಂಗಳು."

"ಮತ್ತೆ ಆ ಫೋಟೋ ನನಗೆ ಯಾಕೆ ಕಳಿಸಿದಿರಿ ಅಕ್ಕ?"

"ಗೊತ್ತಿಲ್ಲ. ಅಳಿಸ್ಲಿಕ್ಕೆ ಕೈ ಬರ್ಲಿಲ್ಲ."

ಮೇಲಿನ ಮನೆಯವರ ಮಾತು ಹೇಳಿದೆ. ಬೇಲಿಯ ಹತ್ತಿರ ಗೇಣು ಹಾಕಿ ಅಳತೆ ತೋರಿಸಿದ್ದು, ಎರಡು ಡ್ರಮ್ಮನ್ನೂ ಇಡಿ ಎಂದದ್ದು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕುತ್ತ, "ವರ್ಷಾಂತಿಕ ಒಂದು ಮುಗೀಲಿ," ಎಂದರು.

ವರ್ಷಾಂತಿಕದ ದಿನ ಮಾದರಿ ಅವರ ಗಂಡನ ಫೋಟೋದ ಮುಂದಿತ್ತು. ಬಂದವರೆಲ್ಲ ಬಗ್ಗಿ ಬಗ್ಗಿ ನೋಡಿ, ವಡೆ ಎಷ್ಟು ಸಣ್ಣದು, ಬೋರ್ಡು ಇದ್ದ ಹಾಗೇ ಬಂದಿದೆ ಎಂದು ಮಾತಾಡಿಕೊಂಡರು. ಯಾರಿಗೂ ಕಂಬ ನೆನಪಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅಕ್ಕ, ಅವರ ಭಾವ, ನಾನು ಮೂವರೂ ಪೆಟ್ಟಿಗೆ ಹೊತ್ತು ಪೊಲೀಸ್ ಸ್ಟೇಷನ್ನಿಗೆ ಹೋದೆವು. ಇನ್‌ಸ್ಪೆಕ್ಟರು ಮೊದಲು ಮಕ್ಕಳ ಆಟಿಕೆ ನೋಡಿದ ಹಾಗೆ ನೋಡಿದರು. ಅಕ್ಕ ತಮ್ಮ ಹೋಟೆಲಿನ ಹಿಂದಿಯಲ್ಲಿ ಹೇಳತೊಡಗಿದ ಮೇಲೆ ಬರೆದುಕೊಳ್ಳುವವರನ್ನು ಕರೆದರು. ನನ್ನ ಹೇಳಿಕೆಯನ್ನೂ ತೆಗೆದುಕೊಂಡರು: ಟೈಲು ಎಷ್ಟು, ಹೇಗೆ ಎಣಿಸಿದಿರಿ, ಫೋಟೋ ಎಲ್ಲಿಂದ ಬಂತು. ಹೊರಗೆ ಬಂದಾಗ ನಮ್ಮ ಕೈ ಖಾಲಿ. ಮಾದರಿಯನ್ನು ಮುದ್ದೆಮಾಲು ಎಂದು ಚೀಟಿ ಅಂಟಿಸಿ ಒಳಗಿಟ್ಟುಕೊಂಡರು.

ವಕೀಲರು ಕೇಸು ಬಿಟ್ಟರು. ಅಕ್ಕನ ಹೆಸರು ಆರೋಪಿಗಳ ಪಟ್ಟಿಗೆ ಸೇರಿತು; ಜಾಮೀನು ಸಿಕ್ಕಿತು. ಮೇಸ್ತ್ರಿ ಇನ್ನೂ ಸಿಕ್ಕಿಲ್ಲ. ಮೇಲಿನ ಮನೆಯವರ ಹೆಸರನ್ನು ಕೈಬಿಟ್ಟರು. ಅಕ್ಕನ ಊರಿನ ಕಡೆಯವರು ಕೆಲವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಸತ್ತವನ ಮರ್ಯಾದೆ ಕಳೆದವಳು ಎನ್ನುತ್ತಾರೆ. ಕೆಲವು ಸಲ ನನಗೂ ಹಾಗೇ ಅನ್ನಿಸುತ್ತದೆ.

ಸಾಕ್ಷಿ ಎಂದು ನನ್ನನ್ನು ಕರೆದದ್ದು ಈ ವರ್ಷದ ಚಳಿಗಾಲದಲ್ಲಿ. ಕೋರ್ಟಿನ ಓಣಿಯ ಬೆಂಚಿನಲ್ಲಿ ನಾನು, ಅಕ್ಕ ಕೂತಿದ್ದೆವು. ಮೇಲಿನ ಮನೆಯ ಆ ಮನುಷ್ಯ ಬಂದು ಬೆಂಚಿನ ಆ ತುದಿಯಲ್ಲಿ ಕೂತರು. ಬೇರೆ ಜಾಗವಿರಲಿಲ್ಲ. ಅಕ್ಕ ತಲೆ ಎತ್ತಲಿಲ್ಲ. ಆ ಮನುಷ್ಯ ಎದುರಿನ ಗೋಡೆ ನೋಡುತ್ತಲೇ ಹೇಳಿದರು:

"ಭಾಭಿ, ಸಾಲ್ ಭರ್ ಮೈಂ ಯಹೀ ಸಮಝಾ ಕಿ ಮೈಂನೇ ಮಾರಾ ಉಸ್ಕೋ."

ಇಡೀ ವರ್ಷ, ಅವಳನ್ನು ಕೊಂದವನು ನಾನೇ ಎಂದುಕೊಂಡಿದ್ದೆ.

ಕಂಬ ತೆಗೆದದ್ದರಿಂದಲೇ ಬಿತ್ತು ಎಂದು ನನಗೆ ಗೊತ್ತಿರಲಿಲ್ಲ, ತಪ್ಪಾಯಿತು, ಹೀಗೆ ಏನಾದರೊಂದು ಮಾತು ಅಕ್ಕ ಹೇಳಬಹುದಿತ್ತು. ಹೇಳಲಿ ಎಂದು ನಾನೂ ಆಸೆಪಟ್ಟೆ.

"ಮಾಲೂಮ್ ಥಾ ಮೇರೇಕೋ," ಎಂದರು ಅಕ್ಕ. ನಂಗೆ ಗೊತ್ತಿತ್ತು.

ಅವರು ಒಂದು ಸಲ ತಲೆಯಾಡಿಸಿದರು. ಎದ್ದು ಓಣಿಯ ಕೊನೆಯ ಕಿಟಕಿಯ ಹತ್ತಿರ ಹೋಗಿ ನಿಂತರು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಕೇಸಿನ ನಂಬರು ಕೂಗಿದರು.